ಬಡಿಸದೆ ಬಿಟ್ಟ ಎಲೆ

ಬಡಿಸುವಾಗ ಚೆನ್ನವೀರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎಲೆ ನೋಡುತ್ತಿದ್ದ, ಸೌಟು ಬಗ್ಗಿಸುತ್ತಿದ್ದ, ಮುಂದಿನ ಎಲೆಗೆ ಹೋಗುತ್ತಿದ್ದ. ಹೊಳೆದಂಡೆಯ ಆ ಆಶ್ರಮದಲ್ಲಿ ಆರು ವರ್ಷದಿಂದ ಅವನ ಕೆಲಸ ಅದೇ.

ಅಂದು ಮಾತ್ರ ತಲೆ ಎತ್ತಿದ.

ಎದುರಿಗೆ ಕೂತವನು ಅಂಬಿಗರ ಭರಮಪ್ಪ. ಪಂಚೆಯ ಅಂಚಿನಲ್ಲಿ ರಕ್ತದ ಕಲೆ ಒಣಗಿ ಕಪ್ಪಾಗಿತ್ತು. ಅವನ ಜೊತೆ ದೋಣಿ ನಡೆಸುತ್ತಿದ್ದ ಹುಲಿಗೆಪ್ಪ ನಿನ್ನೆ ತಲೆಯೊಡೆದು ದಡದ ಜೊಂಡಿನಲ್ಲಿ ಸತ್ತುಬಿದ್ದಿದ್ದ. ಇಬ್ಬರೂ ವಾರದ ಕೆಳಗೆ ಜಗಳಾಡಿದ್ದನ್ನು ಊರೇ ಕಂಡಿತ್ತು.

ಊಟವಾದ ಮೇಲೆ ಗುರುಗಳ ಮುಂದೆ ವಿಚಾರಣೆ. ನಡೆದದ್ದನ್ನು ಕಂಡವಳು ಒಬ್ಬಳೇ, ಆಚೆ ದಡದ ಮುದುಕಿ ಗಾಳೆವ್ವ. ಅವಳನ್ನು ಕರೆತರಲು ದೋಣಿ ಹೋಗಿತ್ತು.

ಆ ಸೀಮೆಯಲ್ಲೊಂದು ಪದ್ಧತಿ. ಆಪಾದನೆ ಹೊತ್ತವನೂ ವಿಚಾರಣೆ ಮುಗಿಯುವವರೆಗೆ ಆಶ್ರಮದ ಪಂಕ್ತಿಯಲ್ಲೇ ಉಣ್ಣಬೇಕು. ತಪ್ಪು ಖಚಿತವಾದ ಮೇಲೆ ಅವನೊಬ್ಬನ ಎಲೆ ಬಿಟ್ಟು ಬಡಿಸುತ್ತಾರೆ. ಎಲೆ ಬಿಟ್ಟರೆ ಅದೇ ತೀರ್ಪು. ಮುಂದಿನದು ಊರವರ ಕೈಯಲ್ಲಿ.

ಚೆನ್ನವೀರನಿಗೆ ಅದು ಗೊತ್ತಿತ್ತು. ಆದರೂ ಆ ಕಲೆ ಕಂಡು ಕೈ ಮುಂದೆ ಬರಲಿಲ್ಲ. ಸೌಟಿನ ನುಚ್ಚನ್ನು ಪಕ್ಕದ ಎಲೆಗೆ ಹಾಕಿದ.

ಪಂಕ್ತಿಯವರೆಲ್ಲ ಆ ಖಾಲಿ ಎಲೆಯತ್ತ ತಿರುಗಿದರು.

ಸತ್ತವನ ತಮ್ಮ ಯಂಕೋಬ ಎದ್ದು ನಿಂತ. "ನೋಡ್ರಪಾ, ನೋಡ್ರಿ! ಆಶ್ರಮನೇ ಎಲಿ ಬಿಟ್ಟೈತಿ. ಇನ್ನ್ಯಾತರ ವಿಚಾರಣೆ?"

ಗೋಡೆಗೆ ಒರಗಿಸಿದ್ದ ದೋಣಿಯ ಹುಟ್ಟು ಅವನ ಕೈಗೆ ಬಂತು. ಹತ್ತಾರು ಜನ ಉಣ್ಣುವುದನ್ನು ಬಿಟ್ಟು ಎದ್ದರು.

ಭರಮಪ್ಪ ಏಳಲಿಲ್ಲ. ಖಾಲಿ ಎಲೆಯನ್ನೇ ನೋಡುತ್ತಿದ್ದ.

ಗದ್ದಲ ಕೇಳಿ ಗುರುಗಳು ಬಂದರು. ಯಾರನ್ನೂ ಬೈಯಲಿಲ್ಲ. ಭರಮಪ್ಪನ ಪಕ್ಕದಲ್ಲಿ, ಎತ್ತಿದ ಹುಟ್ಟಿನ ಕೆಳಗೇ, ಕೂತುಬಿಟ್ಟರು.

"ಗಾಳೆವ್ವ ಮಾತಾಡಿದ ಮೇಲೂ ಹುಟ್ಟು ಇಲ್ಲೇ ಇರುತ್ತೆ, ಯಂಕೋಬ. ಎಲ್ಲೂ ಹೋಗಲ್ಲ."

ಯಂಕೋಬ ಕೂರಲಿಲ್ಲ. ಹೊಡೆಯಲೂ ಇಲ್ಲ.

"ಚೆನ್ನವೀರಾ, ಯಾಕೆ ಬಿಟ್ಟೆ?"

"ರಕ್ತ ಇದೆ ಗುರುಗಳೇ, ಪಂಚೆ ಮೇಲೆ."

"ಯಾರದ್ದು?"

"ಇನ್ಯಾರದ್ದು ಇರುತ್ತೆ?"

"ಅದನ್ನೇ ನಾನು ಕೇಳಿದ್ದು."

ಚೆನ್ನವೀರನಿಗೆ ರೇಗಿತು. "ಹಾಗಾದ್ರೆ ಇವನು ಕೊಂದಿಲ್ಲ ಅಂತೀರಾ?"

"ಎಲ್ಲಿ ಅಂದೆ? ಕೊಂದಿದ್ರೂ ಕೊಂದಿರಬಹುದು."

ಭರಮಪ್ಪ ತಟ್ಟನೆ ಮುಖ ಎತ್ತಿದ.

"ಕೊಂದಿರಬಹುದಾದವನ ಪಕ್ಕ ಕೂತಿದ್ದೀರಲ್ಲ!"

"ಕೊಲ್ಲದೇ ಇರಬಹುದಾದವನ ಪಕ್ಕವೂ ಕೂತಿದ್ದೀನಿ. ಜಾಗ ಒಂದೇ. ಬಡಿಸು."

ಚೆನ್ನವೀರ ಸೌಟು ಅದ್ದಿದ. ಅಷ್ಟರಲ್ಲಿ ಬಾಗಿಲಲ್ಲಿ ಏದುಸಿರು ಕೇಳಿಸಿತು.

"ಅಲ್ರಪಾ, ನಾ ಕಣ್ಣಾರೆ ಕಂಡೀನಿ, ಆ ಭರಮ್ಯಾ..." ಎನ್ನುತ್ತಲೇ ಗಾಳೆವ್ವ ಒಳಗೆ ಬಂದಳು. ಪಂಕ್ತಿಯನ್ನು ನೋಡಿದಳು. ಎಲ್ಲ ಎಲೆಯಲ್ಲೂ ನುಚ್ಚು. ಒಂದರಲ್ಲಿ ಇಲ್ಲ.

ಮಾತು ಅಲ್ಲೇ ನಿಂತಿತು.

"ಹೇಳವ್ವ," ಎಂದರು ಗುರುಗಳು.

"ಆಶ್ರಮನೇ ಎಲಿ ಬಿಟ್ಟಮ್ಯಾಲೆ ನಂದೇನೈತ್ರಿ ಯಪ್ಪಾ? ನೀವು ತಿಳಿದವರು. ನಾ ಬಟ್ಟಿ ಒಗಿಯಾಕಿ. ಕಣ್ಣೂ ಮಂಜಾಗ್ಯಾವ."

"ಬಿಟ್ಟಿದ್ದು ಆಶ್ರಮ ಅಲ್ಲ, ಅವ್ವಾ. ನಾನು." ಚೆನ್ನವೀರ ಸೌಟು ಹಿಡಿದೇ ಮುಂದೆ ಬಂದ. "ನನಗೇನೂ ಗೊತ್ತಿಲ್ಲ. ಏನಂದ್ರೆ ಏನೂ ಗೊತ್ತಿಲ್ಲ."

ಭರಮಪ್ಪನ ಎಲೆಗೆ ನುಚ್ಚು ಸುರಿದ. ಒಂದು ಸೌಟು, ಇನ್ನೊಂದು, ಮತ್ತೂ ಒಂದು. ಎಲೆ ಮೀರಿ ನೆಲಕ್ಕೆ ಹರಿಯಿತು. ಭರಮಪ್ಪ ಅದನ್ನು ಮುಟ್ಟಲಿಲ್ಲ. ಮುದುಕಿಯ ಬಾಯನ್ನೇ ನೋಡುತ್ತಿದ್ದ.

ಗಾಳೆವ್ವ ಯಂಕೋಬನ ಕೈಲಿದ್ದ ಹುಟ್ಟನ್ನು ಒಮ್ಮೆ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಗುರುಗಳು ಎದ್ದುಹೋಗಿ ಅವಳ ಮುಂದೆ ಕೈಮುಗಿದು ನಿಂತರು.

"ಅವ್ವಾ, ದೋಣಿ ಹತ್ತುವಾಗ ಏನು ಹೇಳಬೇಕು ಅಂತಿದ್ದೆಯೋ, ಅದನ್ನ ಹೇಳು."