ಪದಕದ ಹೋರಿಯ ಮೊಣಕಾಲು

ಪಟೇಲರ ಹೋರಿ ಜಾನುವಾರು ಪ್ರದರ್ಶನದಲ್ಲಿ ಪದಕ ಗೆದ್ದಂದಿನಿಂದ ಕೊಟ್ಟಿಗೆಯಾಚೆ ಕಾಲಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಅದರ ಮೊಣಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಆದರೂ ಏಳುವಾಗ ಕೀಲುಗಳು ಲಟಲಟ ಅನ್ನುತ್ತಿದ್ದವು. ಮುಂದಿನ ಪ್ರದರ್ಶನ ಹತ್ತಿರವಾದಾಗ ಹೋರಿಗೆ ದಿಗಿಲಾಗಿ, ಪಕ್ಕದ ಗಾಣದ ಎತ್ತನ್ನು ಕೇಳಿತು:

"ಇಷ್ಟು ವಯಸ್ಸಾದರೂ ನಿನ್ನ ಮೊಣಕಾಲು ಸದ್ದು ಮಾಡುವುದಿಲ್ಲವಲ್ಲ. ಯಾವ ಎಣ್ಣೆ ಹಚ್ಚುತ್ತಾರೆ?"

"ಎಣ್ಣೆ ತೆಗೆಯುವುದಷ್ಟೇ ನನ್ನ ಪಾಲು, ಬುದ್ಧಿ. ಹಚ್ಚುವವರಿಲ್ಲ. ಕೀಲಿನೊಳಗೆ ಮೂಳೆಗಳ ನಡುವೆ ಒಂದು ಮೆತ್ತೆಯಿದೆ. ಹೆಜ್ಜೆಯೂರಿದಾಗ ಅದು ಒತ್ತಿಹೋಗಿ ರಸ ಬಿಡುತ್ತದೆ, ಕಾಲೆತ್ತಿದಾಗ ಮತ್ತೆ ಹೀರಿಕೊಳ್ಳುತ್ತದೆ. ದಿನಾ ನಾಲ್ಕು ಸುತ್ತು ನಡೆದು ನೋಡಿ."

ಪದಕ ಗೆದ್ದವನಿಗೆ ಸುತ್ತು ಹಾಕಲು ಹೇಳುವ ಅಧಿಕಪ್ರಸಂಗ ಹೋರಿಗೆ ಹಿಡಿಸಲಿಲ್ಲ. ಅದು ಮಲಗಿದಲ್ಲಿಂದ ಏಳಲೇ ಇಲ್ಲ. ಪಟೇಲರು ಗಾಬರಿಯಾಗಿ ದಿನದ ಎಣ್ಣೆಯನ್ನು ಎರಡು ಪಾವು ಹೆಚ್ಚಿಸಿದರು. ಅದಕ್ಕಾಗಿ ಎತ್ತು ಗಾಣದಲ್ಲಿ ಇನ್ನೂ ನೂರು ಸುತ್ತು ತಿರುಗಿತು.

ಪ್ರದರ್ಶನದ ದಿನ ಹೋರಿ ತೀರ್ಪುಗಾರರ ಮುಂದೆ ಮೂರು ಹೆಜ್ಜೆಯಿಟ್ಟು ಕುಸಿಯಿತು. ಅದನ್ನು ಗಾಡಿಯಲ್ಲಿ ಮಲಗಿಸಿದರು. ಗಾಡಿ ಎಳೆದದ್ದು ಗಾಣದ ಎತ್ತು. ದಾರಿಯುದ್ದಕ್ಕೂ ಹೋರಿ ಗೊಣಗುತ್ತಿತ್ತು:

"ನೀನು ಸರಿಯಾಗಿ ತಿರುಗಿದ್ದರೆ ನನ್ನ ಕಾಲು ಹೀಗಾಗುತ್ತಿತ್ತೇ?"