ಶುಕ್ರವಾರ ಬರುವ ಗ್ರಾಹಕ

ಕೇಳಿ, ಇದು ಮೊಬೈಲ್ ಕಂಪನಿಯ ಕ್ಯೂನಲ್ಲಿ ನಿಂತು ನಾನೇ ಕಣ್ಣಾರೆ ಕಂಡದ್ದು. ನಮ್ಮ ಬೀದಿಯಲ್ಲಿ ಒಬ್ಬಟ್ಟು ಮಾಡಿ ಮಾರುವ ಜವರಮ್ಮನಿಗೆ ಆರ್ಡರುಗಳೆಲ್ಲ ಬರುವುದು ಒಂದೇ ನಂಬರಿಗೆ. ಅದು ಗಂಡನ ಹೆಸರಿನಲ್ಲಿತ್ತು. ಗಂಡ ತೀರಿಹೋಗಿ ವರ್ಷವಾಗುತ್ತಾ ಬಂದಿತ್ತು. ತಿಂಗಳ ಬಿಲ್ಲು ಭಾರವಾಗಿ, ಅದೇ ನಂಬರನ್ನು ಪ್ರೀಪೇಯ್ಡ್ ಮಾಡಿಕೊಡಿ ಎಂದು ಮೂರು ಸಲ ಬಂದಿದ್ದಳು. ಮ್ಯಾನೇಜರು ಪ್ರತಿ ಸಲವೂ ಕಂಪ್ಯೂಟರಿನಿಂದ ತಲೆ ಎತ್ತದೆ ಹೇಳಿದ್ದ: "ಗ್ರಾಹಕರೇ ಬಂದು ಸಹಿ ಹಾಕಬೇಕು. ರೂಲ್ಸು."

ನಾಲ್ಕನೆಯ ಸಲ ಜವರಮ್ಮ ಕೈಮುಗಿದಳು. "ಶುಕ್ರವಾರ ನಮ್ ಯಜಮಾನ್ರು ಮನೆಗೆ ಬತ್ತಾರೆ ಸಾರ್. ಫಾರಂ ಹಿಡ್ಕಂಡು ನೀವೇ ಊಟಕ್ಕೆ ಬನ್ನಿ."

"ಇಲ್ಲಿಗೇ ಕಳಿಸಮ್ಮ."

"ವರ್ಷಕ್ಕೊಂದೇ ಸಲ ಬರೋದು, ತಿಥಿ ದಿನ. ಹೆಂಚಿನ ಮೇಲೆ ಎಡೆ ಇಡ್ತೀನಿ. ಕಾಗೆ ಇಳಿದ ತಕ್ಷಣ ಸಹಿ ಹಾಕಿಸ್ಕಳಿ. ತಿಂದ್ಮೇಲೆ ಒಂದು ಗಳಿಗೆ ನಿಲ್ಲಾಕಿಲ್ಲ."

ಇಡೀ ಕ್ಯೂ ಗೊಳ್ಳೆಂದು ನಕ್ಕಿತು. ನನ್ನ ನಗುವೇ ಎಲ್ಲರಿಗಿಂತ ಜೋರು. ಮ್ಯಾನೇಜರು ಮೊದಲ ಬಾರಿಗೆ ತಲೆ ಎತ್ತಿದ. ಮುಖ ಕಪ್ಪಿಟ್ಟಿತು. ಅವಳ ಕೈಯಲ್ಲಿದ್ದ ಮರಣ ಪ್ರಮಾಣಪತ್ರ ಇಸಿದುಕೊಂಡು ಐದೇ ನಿಮಿಷದಲ್ಲಿ ಕೆಲಸ ಮುಗಿಸಿದ.

"ತೀರಿಕೊಂಡಿದ್ದಾರೆ ಅಂತ ಮೊದಲೇ ಹೇಳಬಾರದಿತ್ತೇನಮ್ಮ?"

"ಮೂರು ಸಲಾನೂ ಅದನ್ನೇ ಹೇಳ್ದೆ ಸಾರ್. ಮೂರು ಸಲಾನೂ ನೀವು 'ನೆಕ್ಸ್ಟ್' ಅಂದ್ರಿ."