ಕಲ್ಲವ್ವಜ್ಜಿ ಬಿಚ್ಚಿದ ಹೊಲಿಗೆ

ಲೋಕವಿನ್ನೂ ಹೊಚ್ಚ ಹೊಸದಾಗಿದ್ದ ಕಾಲ. ಭೂಮಿಯ ಒಡಲು ಕೆಂಡದಂತೆ ಸುಡುತ್ತಿತ್ತು. ಕಾಲಿಟ್ಟವರ ಕಾಲು ಬೇಯುತ್ತಿತ್ತು.

ಆಗ ಕಲ್ಲವ್ವಜ್ಜಿ ಭೂಮಿಗೊಂದು ಕೌದಿ ಹೊಲಿದಳು. ಬಟ್ಟೆಯ ತುಂಡುಗಳ ಕೌದಿಯಲ್ಲ, ಬಂಡೆಯ ತುಂಡುಗಳ ಕೌದಿ. ತುಂಡಿಗೆ ತುಂಡು ಸೇರಿಸಿ, ಒಂದಿಷ್ಟೂ ಸಂದಿಲ್ಲದಂತೆ ಎಳೆದು ಬಿಗಿದಳು. ಅವಳ ಹೊಲಿಗೆ ಎಂದೂ ಸೊಟ್ಟಗಾದದ್ದಿಲ್ಲ. ಹಾಕಿದ ಹೊಲಿಗೆಯನ್ನು ಅವಳು ಎಂದೂ ಬಿಚ್ಚಿದ್ದೂ ಇಲ್ಲ.

ಕೌದಿಯ ಮೇಲೆ ಹುಲ್ಲು ಚಿಗುರಿತು. ಗೌಜಲಹಕ್ಕಿ ಆ ಹುಲ್ಲಿನಲ್ಲಿ ಆರು ಮೊಟ್ಟೆ ಇಟ್ಟು ಕಾವಿಗೆ ಕುಳಿತಿತು.

ಒಂದು ದಿನ ಅದು ಓಡುತ್ತಾ ಬಂತು. “ಅಜ್ಜಿ, ಅಜ್ಜಿ, ನೆಲ ಸುಡ್ತಿದೆ! ನನ್ನ ಮೊಟ್ಟೆ ಬೆಂದುಹೋಗ್ತವೆ!”

“ಕಾವಿಗೆ ಕೂತವಳಿಗೆ ಬಿಸಿಯಾಗದೆ ತಂಪಾಗುತ್ತದೆಯೇ? ಹೋಗಿ ಕೂತ್ಕೋ” ಎಂದಳು ಅಜ್ಜಿ.

ಮರುದಿನ ಗಾಳಿ ಬಂತು. “ಅಜ್ಜಿ, ನಿನ್ನ ಕೌದಿ ಪೂರಿಯ ಹಾಗೆ ಉಬ್ತಿದೆ. ಒಳಗಿನ ಬಿಸಿಗೆ ಹೊರಗೆ ಬರೋಕೆ ದಾರಿಯೇ ಇಲ್ಲ. ಒಂದೆರಡು ಹೊಲಿಗೆ ಬಿಚ್ಚು. ಇಲ್ಲದಿದ್ದರೆ ಎಲ್ಲಾ ಒಡೆದು ಚೂರಾಗುತ್ತೆ.”

“ನನ್ನ ಹೊಲಿಗೆಯನ್ನು ಬಿಚ್ಚುವುದೇ? ಒಂದು ಕಡೆ ಕೂತು ಗೊತ್ತಿಲ್ಲದವನು ನೀನು, ಹೊಲಿಗೆಯ ಮಾತು ನಿನಗೇಕೆ?”

ಮೂರನೆಯ ದಿನ ಗೌಜಲಹಕ್ಕಿ ಒಂದು ಮೊಟ್ಟೆಯನ್ನು ಕೊಕ್ಕಿನಿಂದ ಉರುಳಿಸಿಕೊಂಡು ಬಂದು ಅಜ್ಜಿಯ ಅಂಗೈಗೆ ತಳ್ಳಿತು. ಅಜ್ಜಿಯ ಕೈ ಚುರುಕ್ಕೆಂದಿತು. ಅವಳು ಅದನ್ನು ಕಿವಿಗೆ ಹಿಡಿದಳು. ಟುಕ್, ಟುಕ್. ಒಳಗೆ ಮರಿ ಇನ್ನೂ ಜೀವಂತವಾಗಿತ್ತು.

ತಾನು ಕೌದಿ ಹೊಲಿದದ್ದು ಯಾರಿಗೂ ಸುಡದಿರಲಿ ಎಂದಲ್ಲವೇ?

ಅಜ್ಜಿ ಆರು ಮೊಟ್ಟೆಗಳನ್ನೂ ಸೆರಗಿನಲ್ಲಿ ಕಟ್ಟಿಕೊಂಡು ಎದ್ದಳು. “ಎಲ್ಲರೂ ಕೇಳಿ! ಗುಹೆಯಲ್ಲಿರುವವರು ಬಯಲಿಗೆ ಬನ್ನಿ. ಕಡಲ ದಂಡೆಯಲ್ಲಿರುವವರು ದಿಬ್ಬ ಹತ್ತಿ. ಏ ಏಡಿ, ನೆಟ್ಟಗೆ ನಡೆ!”

“ನನಗೆ ಬರೋದೇ ಹೀಗೆ, ಅಜ್ಜಿ.”

“ಹಾಗಾದರೆ ಬೇಗ ನಡೆ!”

ಕೊನೆಯ ಏಡಿಯೂ ದಿಬ್ಬ ಹತ್ತಿದ ಮೇಲೆ ಅಜ್ಜಿ ಸೂಜಿಯ ಮೊನೆಯಿಂದ ಹೊಲಿಗೆ ಬಿಚ್ಚಿದಳು.

ಪಟ್! ನೆಲ ಗಡಗಡ ನಡುಗಿತು. ಒಂದು ಕಡೆ ಸಂದಿಯಿಂದ ಬೆಂಕಿ ಚಿಮ್ಮಿತು. ಇನ್ನೊಂದು ಕಡೆ ಎರಡು ತುಂಡುಗಳು ಒತ್ತಿಕೊಂಡು ನೆರಿಗೆಯಾಗಿ ಎದ್ದವು, ಅವೇ ಬೆಟ್ಟಗಳಾದವು. ಕಡಲು ಹಿಂದೆ ಸರಿದು, ಮತ್ತೆ ದಂಡೆಯ ಮೇಲೆ ಹಾರಿ ಬಂತು. ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ಭೂಮಿ “ಉಸ್ಸಪ್ಪಾ” ಎಂದು ಉಸಿರು ಬಿಟ್ಟಿತು. ನೆಲ ತಂಪಾಯಿತು. ಗಾಳಿ ತಂಪಾಯಿತು. ಅಜ್ಜಿಯ ಸೆರಗಿನಲ್ಲಿ ಚಿಂವ್ ಚಿಂವ್ ಎಂದಿತು. ಒಂದು, ಎರಡು, ಆರು ಮರಿಗಳು! ಗೌಜಲಹಕ್ಕಿ ಅಜ್ಜಿಯ ಸುತ್ತ ಓಡಿದ್ದೇ ಓಡಿದ್ದು.

ಅಜ್ಜಿ ಮಾತ್ರ ಕೌದಿಯನ್ನೇ ನೋಡುತ್ತಿದ್ದಳು. ಇಲ್ಲಿ ನೆರಿಗೆ, ಅಲ್ಲಿ ಬಿರುಕು. “ಎಷ್ಟು ಸೊಟ್ಟ!” ಎಂದು ಸೂಜಿಗೆ ದಾರ ಪೋಣಿಸಿದಳು. ಅಷ್ಟರಲ್ಲಿ ಆರು ಮರಿಗಳು ಆ ನೆರಿಗೆಯನ್ನು ಹತ್ತಿ ಇಳಿದು, ಮತ್ತೆ ಹತ್ತಿದವು.

ಅಜ್ಜಿ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. “ಇರಲಿ ಬಿಡು” ಎಂದಳು. ಅವಳು ಹಾಗೆಂದದ್ದು ಅದೇ ಮೊದಲು.

ಅಂದಿನಿಂದ ಆ ಬಂಡೆಯ ತುಂಡುಗಳು ನಿನ್ನ ಉಗುರು ಬೆಳೆಯುವಷ್ಟು ನಿಧಾನವಾಗಿ ಸರಿಯುತ್ತಲೇ ಇವೆ. ಒಮ್ಮೊಮ್ಮೆ ಒಂದು ತುಂಡು ಸಿಕ್ಕಿಕೊಂಡು ತಟ್ಟನೆ ಜಾರುವುದರಿಂದಲೇ ಇಂದಿಗೂ ಗೋಡೆಯ ಗೂಡಿನಲ್ಲಿಟ್ಟ ಲೋಟಗಳು ತಾವಾಗಿ ಕಿಣಿಕಿಣಿ ಎನ್ನುತ್ತವೆ, ಆಗ ಅಜ್ಜಿ ಹೇಳಿದ ಹಾಗೆ ಬಯಲಿಗೆ ಬಂದು ನಿಂತವರು, ನೆಲ ಸುಮ್ಮನಾದ ಮೇಲೆ, ಅಂದು ಭೂಮಿ ಬಿಟ್ಟಂಥದ್ದೇ ಉಸಿರು ಬಿಡುತ್ತಾರೆ.